ಬಿಪಿ ಇದ್ದಕ್ಕಿದ್ದಂತೆ ಏರಿದೆಯೇ? ಮೊದಲು ಮಾತ್ರೆಯ ಡಬ್ಬ ಸುರಿಯಿರಿ

ವರ್ಷಗಟ್ಟಲೆ 130, 135ರ ಆಸುಪಾಸಿನಲ್ಲಿ ತೆಪ್ಪಗಿದ್ದ ಬಿಪಿ ಒಂದು ದಿನ 162 ತೋರಿಸುತ್ತದೆ. ಊಟ ಅದೇ, ಉಪ್ಪು ಅಷ್ಟೇ, ಬೆಳಗಿನ ಮಾತ್ರೆಯೂ ತಪ್ಪಿಲ್ಲ. ಮನೆಯವರು "ವಯಸ್ಸಾಯಿತಲ್ಲ" ಎನ್ನುತ್ತಾರೆ, ಡಾಕ್ಟರು ಇನ್ನೊಂದು ಮಾತ್ರೆ ಬರೆಯುತ್ತಾರೆ. ಮಲೆನಾಡಿನ ಒಂದು ತಾಲ್ಲೂಕು ಪೇಟೆಯಲ್ಲಿ ಇಪ್ಪತ್ತಾರು ವರ್ಷ ಔಷಧ ಅಂಗಡಿ ನಡೆಸಿದವನು ನಾನು. ಆ ಇನ್ನೊಂದು ಮಾತ್ರೆಯನ್ನು ಚೀಟಿ ನೋಡಿ ಕೊಟ್ಟವನೂ ನಾನೇ. ಬಿಪಿ ಏರಿಸಿದ ಮಾತ್ರೆಯನ್ನು ಚೀಟಿ ಇಲ್ಲದೆಯೇ ಕೊಟ್ಟವನೂ ಎಷ್ಟೋ ಸಲ ನಾನೇ. ಆದ್ದರಿಂದ ಇಲ್ಲಿ ಬರೆಯುವುದನ್ನು ಒಬ್ಬ ಕಳ್ಳನೇ ಬರೆದ ಕಳ್ಳದಾರಿಯ ನಕ್ಷೆ ಎಂದುಕೊಂಡರೂ ನನಗೆ ಬೇಸರವಿಲ್ಲ.

ಇದು ಅರವತ್ತು ದಾಟಿದ ಹಿರಿಯರನ್ನು ನೋಡಿಕೊಳ್ಳುವವರಿಗಾಗಿ. ಬಿಪಿ ಹಿಡಿತದಲ್ಲಿದ್ದು ಆಮೇಲೆ ಕೈತಪ್ಪಿದ್ದರೆ, ಅಥವಾ ಮೂರು ಬಗೆಯ ಮಾತ್ರೆ ನುಂಗಿದರೂ ಇಳಿಯದಿದ್ದರೆ, ಅದಕ್ಕೆ ಬೇರೆ ಯಾವುದೋ ಔಷಧವೇ ಕಾರಣವೇ ಎಂದು ಮನೆಯಲ್ಲೇ ಪತ್ತೆ ಹಚ್ಚುವ ಕ್ರಮವನ್ನು ಹೇಳುತ್ತೇನೆ. ಪತ್ತೆ ಹಚ್ಚುವುದಷ್ಟೇ ನಮ್ಮ ಕೆಲಸ. ಬರೆದ ಮಾತ್ರೆಯನ್ನು ಬಿಡಿಸುವುದು, ಬದಲಿಸುವುದು ಡಾಕ್ಟರಿಗೆ ಬಿಟ್ಟದ್ದು.

ಮೊದಲ ಅನುಮಾನ ಯಂತ್ರದ ಮೇಲೆ

ಬಿಪಿ ನಿಜವಾಗಿಯೂ ಏರಿದೆಯೇ ಎಂಬುದು ಮೊದಲು ತೀರ್ಮಾನವಾಗಬೇಕು. ತೋಳಿಗೆ ಸುತ್ತುವ ಪಟ್ಟಿ ತೋಳಿಗಿಂತ ಚಿಕ್ಕದಾದರೆ ಅಂಕಿ 5ರಿಂದ 20 ಪಾಯಿಂಟ್ ಸುಳ್ಳು ಹೇಳುತ್ತದೆ. ಕೈಯನ್ನು ಮೇಜಿನ ಮೇಲಿಡದೆ ಪಕ್ಕಕ್ಕೆ ಇಳಿಬಿಟ್ಟರೆ ಆರೇಳು ಪಾಯಿಂಟ್ ಹೆಚ್ಚು ಬರುತ್ತದೆ. ಮಾತನಾಡುತ್ತಿದ್ದರೆ ಹತ್ತು, ಮೂತ್ರ ತಡೆದುಕೊಂಡು ಕುಳಿತಿದ್ದರೆ ಇನ್ನೊಂದು ಹತ್ತು. ನಮ್ಮ ಕಡೆ ಹಿರಿಯರ ಬಿಪಿ ನೋಡುವ ಹೊತ್ತಿಗೇ ಮೊಮ್ಮಕ್ಕಳ ಶಾಲೆ, ಅಡಿಕೆ ಧಾರಣೆ, ಪಕ್ಕದ ಮನೆಯ ಮದುವೆ ಎಲ್ಲ ಮಾತಿಗೆ ಬರುತ್ತವೆ. ಸ್ವೆಟರಿನ ತೋಳಿನ ಮೇಲೆಯೇ ಪಟ್ಟಿ ಸುತ್ತಿ ಗಾಬರಿಯಾಗಿ ಅಂಗಡಿಗೆ ಓಡಿ ಬಂದವರನ್ನೂ ಕಂಡಿದ್ದೇನೆ.

ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕುಳಿತು ಆಮೇಲೆ ನೋಡಬೇಕು. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಬಿಪಿ ಏರಿದೆ ಎಂದೇ ಅರ್ಥ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆ ಬಳಸಿ. ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಮನೆಯ ಯಂತ್ರವನ್ನು ನಂಬಬೇಡಿ, ಆಸ್ಪತ್ರೆಯಲ್ಲೇ ನೋಡಿಸಿ.

ಎದ್ದು ನಿಂತ ಮೇಲೆ ಮೂರು ನಿಮಿಷದೊಳಗಿನ ಅಂಕಿಯನ್ನೂ ಒಮ್ಮೆ ಬರೆದುಕೊಳ್ಳಿ. ಕುಳಿತಾಗ 160 ಇದ್ದದ್ದು ನಿಂತಾಗ 130ಕ್ಕೆ ಇಳಿಯುವವರಿಗೆ ಸುಮ್ಮನೆ ಮಾತ್ರೆ ಹೆಚ್ಚಿಸಿದರೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಈ ಅಂಕಿ ಮುಂದೆ ಡಾಕ್ಟರಿಗೆ ಬೇಕಾಗುತ್ತದೆ.

ಔಷಧವನ್ನು ಕೇಳಬೇಡಿ, ನೋವನ್ನು ಕೇಳಿ

ನನ್ನ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಎಪ್ಪತ್ತನಾಲ್ಕು ವರ್ಷ. ಟೆಲ್ಮಿಸಾರ್ಟನ್ 40, ಅದರ ಜೊತೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ 12.5, ಎರಡೂ ಸೇರಿದ ಒಂದೇ ಮಾತ್ರೆ. ಎಂಟು ವರ್ಷದಿಂದ 134ರ ಮೇಲೆ ಹೋದದ್ದು ಕಡಿಮೆ. ಒಂದು ಜನವರಿಯಲ್ಲಿ 162/92 ಬಂತು. ಪೇಟೆಯ ಡಾಕ್ಟರು ಆಮ್ಲೋಡಿಪಿನ್ ಎಂಬ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರು. ಫೆಬ್ರವರಿಯಲ್ಲಿ ಪಾದ ಊದಿತು. ಊತಕ್ಕೆ ಇನ್ನೊಂದು ಮೂತ್ರದ ಮಾತ್ರೆ ಬಂತು. ಮಾರ್ಚಿಗೆ ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಎದ್ದರೆ ತಲೆ ಸುತ್ತುವುದು ಶುರುವಾಯಿತು. ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡ ಸೊರಗಿದರೆ ಏರುವ ಕ್ರಿಯಾಟಿನಿನ್ 1.0 ಇದ್ದದ್ದು 1.6 ಆಗಿತ್ತು. ಬಿಪಿ ಮಾತ್ರ ಇಷ್ಟೆಲ್ಲ ಆದರೂ 150ರ ಕೆಳಗೆ ಇಳಿಯಲಿಲ್ಲ.

ನಾನು ಹೋದಾಗ ಮೊದಲು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯನ್ನೇ.

"ದೊಡ್ಡಮ್ಮ, ಬೇರೆ ಯಾವ ಔಷಧ ತೆಗೆದುಕೊಳ್ಳುತ್ತೀರಿ?"

"ಬೇರೆ ಏನೂ ಇಲ್ಲ ಕಣೋ. ಬಿಪಿದು, ಊತದ್ದು. ಅಷ್ಟೇ."

ಸುಳ್ಳಲ್ಲ. ಅವರ ಲೆಕ್ಕದಲ್ಲಿ ಔಷಧ ಎಂದರೆ ಡಾಕ್ಟರು ಬರೆದದ್ದು, ದಿನವೂ ನುಂಗುವಂಥದ್ದು. ಸ್ವಲ್ಪ ಹೊತ್ತು ಬಿಟ್ಟು, "ಅಡಿಕೆ ಸುಲಿದು ಸೊಂಟ ನೋಯುವುದಿಲ್ಲವೇ, ಮಂಡಿಗೆ ಏನು ಮಾಡುತ್ತೀರಿ?" ಎಂದೆ. ಸೆರಗಿನ ತುದಿಯ ಗಂಟು ಬಿಚ್ಚಿದರು. ಅದರಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ಎರಡು ತುಂಡುಗಳಿದ್ದವು. "ಇದು ಔಷಧವೇನೋ? ನೋವಿನ ಮಾತ್ರೆ."

ಆ ಒಂದು ಮಾತು ನನ್ನ ಇಪ್ಪತ್ತಾರು ವರ್ಷದ ಅಂಗಡಿಗಿಂತ ಹೆಚ್ಚು ಕಲಿಸಿತು. ಅಂದಿನಿಂದ ನಾನು ಕಾಯಿಲೆಯ ಹೆಸರಿನಿಂದಲೇ ಕೇಳುತ್ತೇನೆ. ಮಂಡಿಗೆ, ಸೊಂಟಕ್ಕೆ ಏನು? ನೆಗಡಿಯಾದರೆ? ಮೂಗು ಕಟ್ಟಿದರೆ? ಹೊಟ್ಟೆ ಉಬ್ಬರಕ್ಕೆ, ಹುಳಿತೇಗಿಗೆ? ಗಂಟಲಿಗೆ, ಕೆಮ್ಮಿಗೆ? ತಲೆನೋವಿಗೆ? ನಿದ್ದೆ ಬಾರದಿದ್ದರೆ? ಕಣ್ಣಿಗೆ ಬಿಡುವುದು, ಮೂಗಿಗೆ ಬಿಡುವುದು, ಚರ್ಮಕ್ಕೆ ಹಚ್ಚುವುದು? ಮಂಡಿಗೆ ಯಾರಾದರೂ ಇಂಜೆಕ್ಷನ್ ಕೊಟ್ಟರೇ? ನೆಂಟರು ಬೆಂಗಳೂರಿನಿಂದ, ದುಬೈಯಿಂದ ತಂದುಕೊಟ್ಟದ್ದು ಏನಾದರೂ?

ಆಮೇಲೆ ಮನೆಯ ಔಷಧವನ್ನೆಲ್ಲ ಚಾಪೆಯ ಮೇಲೆ ಸುರಿಯಿರಿ. ಬಿಸ್ಕತ್ತಿನ ಡಬ್ಬ, ದಿಂಬಿನ ಕೆಳಗಿನದ್ದು, ದೇವರ ಗೂಡಿನ ಪಕ್ಕದ್ದು, ಕೈಚೀಲದ ಒಳಜೇಬಿನದ್ದು ಯಾವುದೂ ಬಿಟ್ಟುಹೋಗಬಾರದು. ನಮ್ಮ ಅಂಗಡಿಗಳಲ್ಲಿ ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಡುವುದು ರೂಢಿ. ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿದು ಬರಿಯ ಬೆಳ್ಳಿ ಹಾಳೆ ಮನೆಗೆ ಬರುತ್ತದೆ. ಅಂಥದ್ದು ಸಿಕ್ಕರೆ ಅದೇ ಅಂಗಡಿಗೆ ಒಯ್ದು ಹೆಸರು ಬರೆಸಿಕೊಳ್ಳಿ. ದಪ್ಪಕ್ಷರದ ಕಂಪನಿಯ ಹೆಸರನ್ನು ಬಿಟ್ಟು ಅದರ ಕೆಳಗೆ ಇರುವೆಯ ಸಾಲಿನಂತೆ ಬರೆದಿರುತ್ತದಲ್ಲ, ಆ ಮೂಲ ಹೆಸರನ್ನು ಓದಬೇಕು. ಕನ್ನಡಕ ಸಾಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ದೊಡ್ಡಮ್ಮನ ಎರಡು ತುಂಡುಗಳಲ್ಲಿ ಒಂದು ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ್ದು, ಇನ್ನೊಂದು ಡೈಕ್ಲೋಫೆನಾಕ್. ಬೇರೆ ಬೇರೆ ಅಂಗಡಿಯಿಂದ ಬಂದದ್ದು, ಒಂದೇ ಜಾತಿಯದು.

ಗೋಡೆಯ ಕ್ಯಾಲೆಂಡರ್

ಬಿಪಿ ಏರುವುದಕ್ಕೆ ಮುಂಚಿನ ಒಂದೆರಡು ತಿಂಗಳಲ್ಲಿ ಏನು ಹೊಸದಾಗಿ ಬಂತು, ಏನು ನಿಂತಿತು, ಯಾವುದರ ಪ್ರಮಾಣ ಬದಲಾಯಿತು? ನೆನಪಿನಿಂದ ಕೇಳಿದರೆ "ಮೊನ್ನೆ ಮೊನ್ನೆ" ಎಂಬ ಉತ್ತರ ಬರುತ್ತದೆ. ಆ ಮೊನ್ನೆ ಆರು ತಿಂಗಳ ಹಿಂದಿನದೂ ಆಗಿರಬಹುದು. ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕುಳಿತರೆ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಶ್ರಾದ್ಧ, ಜಾತ್ರೆ ಹಿಡಿದು ದಿನಾಂಕ ಜೋಡಿಸಬಹುದು. ದೊಡ್ಡಮ್ಮ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕುಳಿತದ್ದು ದೀಪಾವಳಿ ಕಳೆದ ಮೇಲೆ. ನೋವಿನ ಮಾತ್ರೆ ದಿನಕ್ಕೆ ಎರಡಾದದ್ದು ಡಿಸೆಂಬರಿನ ಮೊದಲ ವಾರ. ಬಿಪಿ ಏರಿದ್ದು ಜನವರಿ.

ದೊಡ್ಡ ಕಳ್ಳ: ನೋವಿನ ಮಾತ್ರೆ

ನೂರು ಡಬ್ಬ ಸುರಿದರೆ ಹೆಚ್ಚಿನವುಗಳಲ್ಲಿ ಸಿಗುವವನು ಇವನೇ. ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಇಂಡೊಮೆಥಾಸಿನ್, ಪೈರಾಕ್ಸಿಕ್ಯಾಮ್, ಎಟೋರಿಕಾಕ್ಸಿಬ್ ಎಲ್ಲವೂ ಒಂದೇ ಮನೆತನ. ಇವು ನೋವು, ಊತ ತರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ತೊಂದರೆ ಏನೆಂದರೆ ಅದೇ ಪ್ರೊಸ್ಟಾಗ್ಲಾಂಡಿನ್ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳಗಳನ್ನು ಸಡಿಲವಾಗಿಟ್ಟು, ಉಪ್ಪು ನೀರು ಹೊರಹೋಗಲು ನೆರವಾಗುತ್ತಿರುತ್ತದೆ. ಅದನ್ನು ತಡೆದರೆ ಮಂಡಿಗೆ ಹಿತ, ಮೂತ್ರಪಿಂಡಕ್ಕೆ ಬಿಗಿ. ಉಪ್ಪು ಮೈಯಲ್ಲೇ ನಿಲ್ಲುತ್ತದೆ, ಉಪ್ಪಿನ ಹಿಂದೆ ನೀರು ನಿಲ್ಲುತ್ತದೆ. ಎಳೆಯರ ಮೂತ್ರಪಿಂಡ ಹೇಗೋ ಸಂಭಾಳಿಸುತ್ತದೆ. ಎಪ್ಪತ್ತರಲ್ಲಿ ಅದರ ಕಸುವು ಕುಗ್ಗಿರುತ್ತದೆ, ರಕ್ತನಾಳಗಳು ಗಟ್ಟಿಯಾಗಿರುತ್ತವೆ. ಹೆಚ್ಚಾದ ನೀರು ನೇರವಾಗಿ ಮೇಲಿನ ಅಂಕಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಸರಾಸರಿ ನೋಡಿದರೆ ಏರಿಕೆ 5 ಪಾಯಿಂಟಿನಷ್ಟು. ಸರಾಸರಿ ಎಂಬುದು ಮೋಸದ ಅಂಕಿ. ಕೆಲವರಲ್ಲಿ ಏನೂ ಆಗುವುದಿಲ್ಲ, ಕೆಲವರಲ್ಲಿ ಇಪ್ಪತ್ತನ್ನು ದಾಟುತ್ತದೆ. ಬಿಪಿ ಇರುವವರಲ್ಲಿ, ಮೂತ್ರಪಿಂಡ ಸೊರಗಿದವರಲ್ಲಿ ಏರಿಕೆ ಹೆಚ್ಚು. ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಈ ನೋವಿನ ಮಾತ್ರೆಗಳು ಬಿಪಿ ಮಾತ್ರೆಯ ಕೈಯನ್ನೇ ಕಟ್ಟುತ್ತವೆ. ಎನಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆಗಳು, ಇವೆಲ್ಲ ಅರ್ಧ ಕೆಲಸ ಮಾಡಿ ಸುಮ್ಮನಾಗುತ್ತವೆ. ಆಮ್ಲೋಡಿಪಿನ್ ಮೇಲೆ ಈ ಪ್ರಭಾವ ಕಡಿಮೆ. ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ, ನೋವಿನ ಮಾತ್ರೆ ಮೂರೂ ಒಟ್ಟಿಗೆ ಬಿದ್ದರೆ ಮೂತ್ರಪಿಂಡ ಹಠಾತ್ತನೆ ಕುಸಿಯಬಹುದು. ಬೇಸಿಗೆಯಲ್ಲಿ ಭೇದಿ, ವಾಂತಿಯಾದಾಗಲಂತೂ ಅಪಾಯ ಇನ್ನೂ ಹೆಚ್ಚು. ದೊಡ್ಡಮ್ಮನ ಕ್ರಿಯಾಟಿನಿನ್ ಏರಿದ್ದು ಹೀಗೆ.

ಎಟೋರಿಕಾಕ್ಸಿಬ್ ಬಗ್ಗೆ ಒಂದು ಮಾತು. ಹೊಟ್ಟೆಗೆ ಉರಿ ಕಡಿಮೆ ಎಂದು ಇದು ಜನಪ್ರಿಯ. ಆದರೆ ಬಿಪಿ 140/90ರ ಮೇಲಿದ್ದು ಹಿಡಿತಕ್ಕೆ ಬಾರದವರಿಗೆ ಇದನ್ನು ಕೊಡಬಾರದೆಂದು ಯುರೋಪಿನ ಔಷಧ ನಿಯಂತ್ರಕರು ಸ್ಪಷ್ಟವಾಗಿ ಹೇಳಿದ್ದಾರೆ. ಇದೇ ಬಳಗದ ರೋಫೆಕಾಕ್ಸಿಬ್ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದಾಗಿ 2004ರಲ್ಲಿ ಜಗತ್ತಿನ ಮಾರುಕಟ್ಟೆಯಿಂದಲೇ ಹೊರಬಿತ್ತು. ಆ ಡಬ್ಬಗಳನ್ನು ನಾನೇ ಅಂಗಡಿಯಿಂದ ವಾಪಸ್ ಕಳಿಸಿದ್ದು ನೆನಪಿದೆ.

ಹಚ್ಚುವ ಮುಲಾಮಿನ ಕಥೆ ಬೇರೆ. ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವುದು ನುಂಗಿದಾಗ ಸೇರುವುದರ ಸಣ್ಣ ಪಾಲು. ಮಂಡಿನೋವಿಗೆ ಡಾಕ್ಟರು ಮೊದಲು ಅದನ್ನು ಸೂಚಿಸಿದರೆ ಅದರಲ್ಲಿ ಅರ್ಥವಿದೆ. ಹೃದಯಕ್ಕೆಂದು ಬರೆದ 75 ಮಿಲಿಗ್ರಾಂ ಆಸ್ಪಿರಿನ್ ಕೂಡ ಈ ಪಟ್ಟಿಯಲ್ಲಿ ಬರುವುದಿಲ್ಲ. ಇದನ್ನು ಓದಿ ಯಾರೂ ಅದನ್ನು ನಿಲ್ಲಿಸಬೇಡಿ.

ಪ್ಯಾರಾಸಿಟಮಾಲ್ ಸಾಧುವೇ? ಹೋಲಿಸಿದರೆ ಹೌದು, ಆಗೊಮ್ಮೆ ಈಗೊಮ್ಮೆ ನುಂಗುವುದಕ್ಕೆ ಹೆದರಬೇಕಿಲ್ಲ. ಆದರೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬಿಪಿ ಇರುವವರಿಗೆ ದಿನಕ್ಕೆ 4 ಗ್ರಾಂನಂತೆ ಎರಡು ವಾರ ಕೊಟ್ಟು ನೋಡಿದಾಗ ಮೇಲಿನ ಅಂಕಿ ಸುಮಾರು 5 ಪಾಯಿಂಟ್ ಏರಿತು. ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ಅಂದರೆ ದಿನಕ್ಕೆ ಎಂಟು ಮಾತ್ರೆ ನುಂಗುವ ಅಜ್ಜನ ಬಿಪಿ ಏರಿದ್ದರೆ ಪ್ಯಾರಾಸಿಟಮಾಲನ್ನೂ ಸಾಲಿನಲ್ಲಿ ನಿಲ್ಲಿಸಿ ವಿಚಾರಿಸಬೇಕು.

ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದು ತಿಳಿದು ಎರಡನೆಯದು, ಎರಡನೆಯದರ ಪರಿಣಾಮಕ್ಕೆ ಮೂರನೆಯದು ಬರೆಯುವ ಈ ಸರಪಳಿಯನ್ನು ವೈದ್ಯ ವಿಜ್ಞಾನ ಬಹಳ ಹಿಂದೆಯೇ ಗುರುತಿಸಿದೆ. ಅಮೆರಿಕದ ಜೆರ್ರಿ ಗುರ್ವಿಟ್ಜ್ ಮತ್ತು ಸಂಗಡಿಗರು 1994ರಲ್ಲಿ ಅರವತ್ತೈದು ದಾಟಿದವರ ಔಷಧ ದಾಖಲೆಗಳನ್ನು ಜಾಲಾಡಿದರು. ನೋವಿನ ಮಾತ್ರೆ ನುಂಗುತ್ತಿದ್ದವರಿಗೆ ಹೊಸದಾಗಿ ಬಿಪಿ ಮಾತ್ರೆ ಶುರುವಾಗುವ ಸಂಭವ 1.66 ಪಟ್ಟು ಎಂದು ಅವರು ತೋರಿಸಿದರು. ದೊಡ್ಡಮ್ಮನ ಮನೆಯಲ್ಲಿ ನಾನು ಕಂಡದ್ದು ಅದೇ ಸರಪಳಿಯ ಮೂರು ಕೊಂಡಿಗಳನ್ನು: ನೋವಿನ ಮಾತ್ರೆ, ಅದು ಏರಿಸಿದ ಬಿಪಿಗೆ ಆಮ್ಲೋಡಿಪಿನ್, ಆಮ್ಲೋಡಿಪಿನ್ ತರಿಸಿದ ಊತಕ್ಕೆ ಊತದ ಮಾತ್ರೆ.

ನಾಲಿಗೆಗೆ ತಿಳಿಯದ ಉಪ್ಪು

ಸಾರಿಗೆ ಉಪ್ಪು ಕಡಿಮೆ ಮಾಡಿದ ಮನೆಯಲ್ಲಿ ಔಷಧದ ಹೆಸರಿನಲ್ಲಿ ಉಪ್ಪು ಒಳಗೆ ಬರುತ್ತಿರುತ್ತದೆ. ಹುಳಿತೇಗಿಗೆ ನೀರಿನಲ್ಲಿ ಬುಸುಗುಡುವ ಪುಡಿ, ಅಡುಗೆ ಸೋಡಾ, ಇವುಗಳ ಜೀವಾಳ ಸೋಡಿಯಂ ಬೈಕಾರ್ಬೊನೇಟ್. ಅದರ 1 ಗ್ರಾಂನಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಂದು ಟೀ ಚಮಚ ಸೋಡಾ ಎಂದರೆ 1,200 ಮಿಲಿಗ್ರಾಂ ದಾಟಿತು. ಇಡೀ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಳ್ಳೆ ಏಳುವ ಪ್ಯಾರಾಸಿಟಮಾಲ್ ಮಾತ್ರೆಗಳಲ್ಲೂ ಒಂದೊಂದರಲ್ಲಿ 400 ಮಿಲಿಗ್ರಾಂನಷ್ಟು ಸೋಡಿಯಂ ಇರುವುದುಂಟು. ಉಪ್ಪಿನ ರುಚಿ ಬಾರದಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಲವಣಭಾಸ್ಕರ ಚೂರ್ಣದ ಹೆಸರಿನಲ್ಲೇ ಲವಣವಿದೆ. ಅದಕ್ಕೆ ಹಾಕುವ ಸಾಮಗ್ರಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಮುದ್ರದ ಉಪ್ಪಿನದೇ. "ಇದು ಸೈಂಧವ ಲವಣ, ಏನೂ ಆಗದು" ಎನ್ನುವವರಿಗೆ ನಾನು ಹೇಳುವುದಿಷ್ಟೇ: ಬಣ್ಣ ಗುಲಾಬಿಯಾದರೂ ಅದು ಸೋಡಿಯಂ ಕ್ಲೋರೈಡ್.

ಭಾಗವತರ ಗಂಟಲು

ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಹಿರಿಯ ಯಕ್ಷಗಾನ ಭಾಗವತರಿಗೆ ಬಿಪಿ 170ರಿಂದ ಇಳಿಯುತ್ತಿರಲಿಲ್ಲ. ಪೊಟ್ಯಾಸಿಯಂ 2.9ಕ್ಕೆ ಬಿದ್ದಿತ್ತು, ಕಾಲಿನಲ್ಲಿ ಶಕ್ತಿಯಿಲ್ಲ ಎನ್ನುತ್ತಿದ್ದರು. ನೋವಿನ ಮಾತ್ರೆಯ ಸುದ್ದಿಯಿಲ್ಲ, ಸೋಡಾ ಇಲ್ಲ. ಕೊನೆಗೆ ಬಾಯಲ್ಲಿ ಏನೋ ಇಟ್ಟುಕೊಂಡೇ ಮಾತನಾಡುತ್ತಿದ್ದುದನ್ನು ಗಮನಿಸಿ ಕೇಳಿದರೆ, ಜ್ಯೇಷ್ಠಮಧುವಿನ ಕಡ್ಡಿ! ಸ್ವರಕ್ಕೆ ಒಳ್ಳೆಯದೆಂದು ಆಟದ ದಿನಗಳಲ್ಲಿ ಬೆಳಗಿನವರೆಗೂ ಜಗಿಯುತ್ತಿದ್ದರು. ಉಳಿದ ದಿನ ಕಷಾಯದಲ್ಲಿ ಹಾಕುತ್ತಿದ್ದರು.

ಅತಿಮಧುರ, ಯಷ್ಟಿಮಧು ಎಂದೂ ಕರೆಯುವ ಈ ಬೇರಿನಲ್ಲಿರುವ ಗ್ಲೈಸಿರೈಜಿನ್, ದೇಹದ ಒಂದು ಕಾವಲುಗಾರ ಕಿಣ್ವವನ್ನು ಮಲಗಿಸುತ್ತದೆ. ಕಾವಲು ಇಲ್ಲದಿದ್ದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಮೂತ್ರಪಿಂಡಕ್ಕೆ ಹೋಗಿ, "ಉಪ್ಪು ಉಳಿಸು, ಪೊಟ್ಯಾಸಿಯಂ ಹೊರಗೆ ಹಾಕು" ಎಂಬ ಆಜ್ಞೆಯನ್ನು ಅಧಿಕಾರವಿಲ್ಲದೆಯೇ ಕೊಡುತ್ತದೆ. ಬಿಪಿ ಏರಿದೆ, ಪೊಟ್ಯಾಸಿಯಂ ಇಳಿದಿದೆ ಎಂಬ ಜೋಡಿ ಕಂಡರೆ ಈ ಬೇರನ್ನು ಹುಡುಕಬೇಕು. ಮೂತ್ರದ ಮಾತ್ರೆಯಿಂದಲೂ ಪೊಟ್ಯಾಸಿಯಂ ಇಳಿಯುತ್ತದೆ, ಎರಡೂ ಕೂಡಿದರೆ ಹೃದಯದ ತಾಳ ತಪ್ಪಬಹುದು. ಬಿಟ್ಟ ಮೇಲೂ ಪ್ರಭಾವ ಕೆಲವು ವಾರ ಉಳಿಯುವುದರಿಂದ "ಬಿಟ್ಟು ನಾಲ್ಕು ದಿನವಾಯಿತು, ಇಳಿಯಲಿಲ್ಲ, ಆದ್ದರಿಂದ ಇದಲ್ಲ" ಎಂದು ತೀರ್ಪು ಕೊಡಬೇಡಿ. ಚಿಟಿಕೆ ಹಾಕಿದ ಒಂದು ದಿನದ ಕಷಾಯಕ್ಕೆ ಈ ಭಯ ಬೇಡ. ದಿನವೂ, ವಾರಗಟ್ಟಲೆ ಜಗಿಯುವುದು ತೊಂದರೆ.

ನೆಗಡಿಯ ಡೋಸ್

"ಎರಡು ಡೋಸ್ ಕೊಡಿ" ಎಂದರೆ ಅಂಗಡಿಯವರು ಕೊಡುವ ನೆಗಡಿ ಮಾತ್ರೆಗಳಲ್ಲಿ ಫೆನೈಲೆಫ್ರಿನ್ ಇರುವುದೇ ಹೆಚ್ಚು. ಸ್ಯೂಡೋಎಫೆಡ್ರಿನ್ ಇದ್ದರೆ ಇನ್ನೂ ಎಚ್ಚರ. ಮೂಗಿನ ರಕ್ತನಾಳ ಬಿಗಿ ಮಾಡಿ ಮೂಗು ಬಿಡಿಸುವುದು ಇವುಗಳ ಕೆಲಸ, ಬಿಗಿ ಮೂಗಿನಲ್ಲೇ ನಿಲ್ಲುವುದಿಲ್ಲ. ಮೂಗಿಗೆ ಬಿಡುವ ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳನ್ನು ಮೂರು ದಿನದ ಬದಲು ಮೂರು ತಿಂಗಳು ಬಿಟ್ಟುಕೊಳ್ಳುವವರಿದ್ದಾರೆ. ಬಿಟ್ಟರೆ ಮೂಗು ಮತ್ತೆ ಕಟ್ಟುತ್ತದೆ, ಕಟ್ಟಿದರೆ ಮತ್ತೆ ಹನಿ. ಕಣ್ಣಿನ ತಪಾಸಣೆಗೆ ಪಾಪೆ ಹಿಗ್ಗಿಸಲು ಹಾಕುವ ಫೆನೈಲೆಫ್ರಿನ್ ಹನಿಯೂ ಬಿಪಿಯನ್ನು ಆ ಹೊತ್ತಿಗೆ ಏರಿಸಬಹುದು. ಕಣ್ಣಾಸ್ಪತ್ರೆಗೆ ಹೋದ ದಿನದ ಅಂಕಿಯ ಪಕ್ಕದಲ್ಲಿ ಒಂದು ಗುರುತು ಹಾಕಿಡಿ. ಈ ಗುಂಪಿನ ಏರಿಕೆ ಬೇಗ ಬಂದು ಬೇಗ ಹೋಗುತ್ತದೆ, ಪತ್ತೆ ಸುಲಭ.

ಚೀಟಿಯ ಒಳಗಿರುವವರು

ಡಾಕ್ಟರು ಬರೆದ ಔಷಧಗಳಲ್ಲೂ ಬಿಪಿ ಏರಿಸುವವು ಇವೆ; ಬೇರೆ ದಾರಿಯಿಲ್ಲದೆ ಬರೆದಿರುತ್ತಾರೆ. ಉಬ್ಬಸಕ್ಕೆ, ಕೀಲುವಾತಕ್ಕೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಸ್ಟೆರಾಯ್ಡುಗಳು ಮೊದಲ ಸಾಲಿನವು. ಮಂಡಿಗೆ ಹಾಕಿದ ಸ್ಟೆರಾಯ್ಡ್ ಇಂಜೆಕ್ಷನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯವರ ಕಾಲುರಿಗೆ ಕೊಡುವ ಡುಲಾಕ್ಸೆಟಿನ್, ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್ ಕೂಡ ಏರಿಸಬಲ್ಲವು. ವೆನ್ಲಾಫ್ಯಾಕ್ಸಿನ್ ಪ್ರಮಾಣ ಹೆಚ್ಚಿದಷ್ಟೂ ಹೆಚ್ಚು. ಪದೇ ಪದೇ ಮೂತ್ರಕ್ಕೆ ಓಡುವವರಿಗೆ ಕೊಡುವ ಮಿರಾಬೆಗ್ರಾನ್ ಅನ್ನು ಬಿಪಿ 180/110 ಮುಟ್ಟಿ ಹಿಡಿತಕ್ಕೆ ಬಾರದವರಿಗೆ ಕೊಡುವಂತೆಯೇ ಇಲ್ಲ. ಮೂತ್ರಪಿಂಡ ಸೋತವರಿಗೆ ರಕ್ತ ಹೆಚ್ಚಿಸಲು ಹಾಕುವ ಎರಿಥ್ರೊಪೊಯೆಟಿನ್, ಕಸಿ ಮಾಡಿಸಿಕೊಂಡವರ ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೊಲಿಮಸ್, ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಾಟೆರೋನ್, ಇನ್ನೂ ಕೆಲವು ಕ್ಯಾನ್ಸರ್ ಔಷಧಗಳು, ಹುಳುಕಡ್ಡಿಗೆ ತಿಂಗಳುಗಟ್ಟಲೆ ನುಂಗುವ ಇಟ್ರಾಕೊನಜೋಲ್, ಅಳತೆ ಮೀರಿದ ಥೈರಾಯ್ಡ್ ಮಾತ್ರೆ, ಎಲ್ಲವೂ ಈ ಪಟ್ಟಿಯಲ್ಲಿವೆ.

ಸ್ಟೆರಾಯ್ಡ್ ಚೀಟಿಯಿಲ್ಲದೆಯೂ ಬರುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ, "ಎರಡೇ ದಿನದಲ್ಲಿ ಕೀಲುನೋವು ಮಾಯ" ಎಂಬ ಪುಡಿಯಲ್ಲಿ ಬೆರೆತಿರುತ್ತದೆ. ಆ ಪುಡಿ ಶುರುವಾದ ಮೇಲೆ ಮುಖ ದುಂಡಗಾಗಿ, ಹಸಿವು ಹೆಚ್ಚಿ, ಸಕ್ಕರೆ ಬಿಪಿ ಎರಡೂ ಏರಿದ್ದರೆ ನನ್ನ ಬೆರಳು ನೇರವಾಗಿ ಅದರತ್ತಲೇ ಹೋಗುತ್ತದೆ. ಆದರೂ ಮೂರು ವಾರಕ್ಕಿಂತ ಹೆಚ್ಚು ನುಂಗಿದ್ದರೆ ತಟ್ಟನೆ ನಿಲ್ಲಿಸಬಾರದು. ಅಷ್ಟರಲ್ಲಿ ದೇಹ ತನ್ನ ಸ್ಟೆರಾಯ್ಡ್ ತಯಾರಿಸುವುದನ್ನು ಬಹುಪಾಲು ಮರೆತಿರುತ್ತದೆ. ನಿಲ್ಲಿಸಿದರೆ ಬಿಪಿ ಪಾತಾಳಕ್ಕಿಳಿದು ಪ್ರಾಣಕ್ಕೇ ಬರಬಹುದು. ಪೊಟ್ಟಣದ ಸಮೇತ ಡಾಕ್ಟರ ಬಳಿಗೆ ಹೋಗಿ.

ಬಿಟ್ಟದ್ದರಿಂದ ಏರಿದ್ದು

ಡಬ್ಬದಲ್ಲಿ ಇರುವುದನ್ನಷ್ಟೇ ನೋಡಿದರೆ ಸಾಲದು, ಖಾಲಿಯಾದದ್ದನ್ನೂ ನೋಡಬೇಕು. ಬಿಪಿಗೆಂದು ಕ್ಲೊನಿಡಿನ್ ನುಂಗುತ್ತಿದ್ದವರು ಊರಿಗೆ ಹೋಗುವಾಗ ಮರೆತು ಬಿಟ್ಟರೆ ಒಂದರಿಂದ ಮೂರು ದಿನದೊಳಗೆ ಬಿಪಿ ಮೊದಲಿಗಿಂತ ಮೇಲಕ್ಕೆ ಹಾರುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ಹಠಾತ್ತನೆ ನಿಂತರೂ ಎದೆಬಡಿತ, ಎದೆನೋವು ಬರಬಹುದು. ತಿಂಗಳ ಕೊನೆಯಲ್ಲಿ ಪಿಂಚಣಿ ಬರುವವರೆಗೆ ದಿನ ಬಿಟ್ಟು ದಿನ ನುಂಗುವ ಹಿರಿಯರು ಎಷ್ಟೋ ಮಂದಿ. ಕೇಳಿದರೆ ಹೇಳುವುದಿಲ್ಲ, ನಾಚಿಕೆ. ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆ ಎಣಿಸಿ, ತಂದ ದಿನಾಂಕದಿಂದ ಲೆಕ್ಕ ಹಾಕಿದರೆ ತಿಳಿಯುತ್ತದೆ. ಹಣವೇ ಕಾರಣವಾದರೆ ಅದೇ ಮೂಲ ಹೆಸರಿನ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತದೆ.

ತೆಗೆದು ನೋಡುವುದು

ಆರೋಪಿ ಯಾರೆಂದು ಗೊತ್ತಾಯಿತು. ಅವನೇ ಎಂದು ಖಾತ್ರಿಯಾಗುವುದು ತೆಗೆದು ನೋಡಿದಾಗ. ಅಂಗಡಿಯಿಂದ ನಾವೇ ತಂದ ನೋವಿನ ಮಾತ್ರೆ, ನೆಗಡಿ ಡೋಸ್, ಸೋಡಾ, ಕಡ್ಡಿ, ಇವನ್ನು ಮನೆಯಲ್ಲೇ ನಿಲ್ಲಿಸಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ. ನೆಗಡಿ ಮಾತ್ರೆಯ ಪ್ರಭಾವ ಒಂದೆರಡು ದಿನದಲ್ಲಿ ಇಳಿಯುತ್ತದೆ, ನೋವಿನ ಮಾತ್ರೆಯದಕ್ಕೆ ಒಂದೆರಡು ವಾರ ಕಾಯಿರಿ. ದಿನವೂ ಅಂಕಿ ಬರೆಯಿರಿ.

ಈ ಹಂತದಲ್ಲಿ ಜನ ಮರೆಯುವ ಸಂಗತಿಯೊಂದಿದೆ. ಆರೋಪಿಯನ್ನು ತೆಗೆದ ಮೇಲೆ, ಅವನಿಗಾಗಿ ಸೇರಿಸಿದ ಬಿಪಿ ಮಾತ್ರೆಗಳು ಹೆಚ್ಚಾಗಿಬಿಡುತ್ತವೆ. ಬಿಪಿ 100ರ ಹತ್ತಿರ ಇಳಿದರೆ, ಎದ್ದಾಗ ಕಣ್ಣು ಕತ್ತಲೆ ಬಂದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ನೋವಿನ ಮಾತ್ರೆ ನಿಲ್ಲಿಸುವ ದಿನವೇ ಅವರಿಗೆ ಒಂದು ಮಾತು ಹೇಳಿಬಿಡುವುದು ಇನ್ನೂ ಒಳ್ಳೆಯದು.

ಹೋಗುವಾಗ "ಈ ಮಾತ್ರೆಯಿಂದಲೇ ಆದದ್ದು" ಎಂದು ತೀರ್ಪು ಹಿಡಿದುಕೊಂಡು ಹೋಗಬೇಡಿ, ಡಾಕ್ಟರಿಗೂ ಸ್ವಾಭಿಮಾನವಿದೆ. ಏಳು ದಿನದ ಅಂಕಿ, ನಿಂತಾಗಿನ ಅಂಕಿ, ಡಬ್ಬದಲ್ಲಿ ಸಿಕ್ಕ ಎಲ್ಲದರ ಮೂಲ ಹೆಸರು, ಪ್ರತಿಯೊಂದೂ ಶುರುವಾದ ದಿನ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಡಿ. ನೂರು ಜನ ಕಾಯುತ್ತಿರುವ ಹೊರರೋಗಿ ವಿಭಾಗದಲ್ಲೂ ಆ ಹಾಳೆಯನ್ನು ಓದಲು ಅರ್ಧ ನಿಮಿಷ ಸಾಕು. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಬೇಕೇ ಎಂದು ಕೇಳಿ. ಅಡ್ಡಪರಿಣಾಮವನ್ನು ಸರ್ಕಾರಕ್ಕೆ ವರದಿ ಮಾಡಲೂ ಅವಕಾಶವಿದೆ. ಭಾರತದಲ್ಲಿ 2010ರಿಂದ ಔಷಧಗಳ ಅಡ್ಡಪರಿಣಾಮದ ಮೇಲೆ ನಿಗಾ ಇಡುವ ಕಾರ್ಯಕ್ರಮ ನಡೆಯುತ್ತಿದೆ. 1800-180-3024 ಅದರ ಉಚಿತ ಸಹಾಯವಾಣಿ. ರೋಗಿಯ ಮನೆಯವರೂ ಕರೆ ಮಾಡಬಹುದು.

ಡಬ್ಬ ಸುರಿಯುತ್ತ ಕೂರಬಾರದ ಹೊತ್ತು

ಬಿಪಿ 180/120 ದಾಟಿದ್ದು, ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು, ಬಾಯಿ ಒಂದು ಕಡೆಗೆ ಎಳೆಯುವುದು, ಒಂದು ಕೈ ಕಾಲಿನ ಶಕ್ತಿ ಹೋಗುವುದು, ಕಣ್ಣು ಮಂಜಾಗುವುದು, ಹಿಂದೆಂದೂ ಬಾರದಂಥ ತಲೆನೋವು, ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ. ಬಾಯಿ ವಾರೆಯಾಗಿದ್ದರೆ, ಮಾತು ತೊದಲುತ್ತಿದ್ದರೆ ಬಿಪಿ ಎಷ್ಟಿದೆ ಎಂದು ನೋಡುತ್ತಲೂ ಕೂರಬೇಡಿ. ಇಂಥ ಯಾವ ಲಕ್ಷಣವೂ ಇಲ್ಲದೆ ಬರಿಯ ಅಂಕಿ ಏರಿದ್ದರೆ ಐದು ನಿಮಿಷ ಕುಳಿತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ನಿಫೆಡಿಪಿನ್ ಗುಳಿಗೆಯನ್ನು ಒಡೆದು ನಾಲಿಗೆಯ ಕೆಳಗೆ ಹಿಂಡುವ ಹಳೆಯ ಉಪಾಯ ಮಾತ್ರ ಖಂಡಿತ ಬೇಡ. ಬಿಪಿ ಒಮ್ಮೆಗೇ ಕುಸಿದು ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಪಾರ್ಶ್ವವಾಯು ಬಡಿದದ್ದುಂಟು.

ದೊಡ್ಡಮ್ಮನ ಅಂಕಿ ನೋವಿನ ಮಾತ್ರೆ ನಿಲ್ಲಿಸಿದ ಮೂರನೆಯ ವಾರ 136/78ಕ್ಕೆ ಬಂತು. ಡಾಕ್ಟರು ಊತದ ಮಾತ್ರೆಯನ್ನು ಮೊದಲು, ಆಮ್ಲೋಡಿಪಿನ್ನನ್ನು ಆಮೇಲೆ ತೆಗೆದರು. ಎರಡು ತಿಂಗಳ ನಂತರದ ಕ್ರಿಯಾಟಿನಿನ್ 1.1. ಮಂಡಿಗೆ ಜೆಲ್, ಬಿಸಿನೀರಿನ ಶಾಖ, ಫಿಸಿಯೋಥೆರಪಿಯವರು ಹೇಳಿಕೊಟ್ಟ ತೊಡೆಯ ವ್ಯಾಯಾಮ. ನೋವು ಪೂರ್ತಿ ಹೋಗಿಲ್ಲ. ಈ ಸಲದ ಕೊಯ್ಲಿಗೆ ಮೆಟ್ಟುಗತ್ತಿಯನ್ನು ಎತ್ತರದ ಹಲಗೆಗೆ ಬಡಿಸಿ, ಪಕ್ಕದಲ್ಲಿ ಸ್ಟೂಲ್ ಹಾಕಿಸಿಕೊಂಡಿದ್ದಾರೆ. ಮೊನ್ನೆ ಹೋದಾಗ ಸೆರಗಿನ ಗಂಟು ಮತ್ತೆ ಕಂಡಿತು. ಕೇಳುವುದಕ್ಕೆ ಮೊದಲೇ ತಾವೇ ಬಿಚ್ಚಿ ತೋರಿಸಿದರು. ಒಳಗೆ ಎಲೆ, ಅಡಿಕೆ, ಒಂದು ಐದು ರೂಪಾಯಿ ನಾಣ್ಯ.